‘ಗುಂ’ ಮತ್ತು ಲೈನ್ ಮನೆ

1983ರ ಜನವರಿಯ ಚುನಾವಣೆಯಲ್ಲಿ ಕೊಡಗಿನ ಸೋಮವಾರಪೇಟೆಯ ಮತದಾರರು ಹಾಲಿ ಮುಖ್ಯಮಂತ್ರಿಯನ್ನೇ ಸೋಲಿಸಿ ಮನೆಗೆ ಕಳುಹಿಸಿದರು. ಆರ್. ಗುಂಡೂರಾವ್ ಹೊರಗಿನವರೇನಲ್ಲ, ಕುಶಾಲನಗರದ ರಾಜಕಾರಣದಿಂದ ಮೇಲೆ ಬಂದವರು. ಗೆದ್ದವರು ಜನತಾ ಪಕ್ಷದ ಬಿ.ಎ. ಜೀವಿಜಯ. ಈ ಸೋಲಿನ ಕೀರ್ತಿಯನ್ನು ‘ಲಂಕೇಶ್ ಪತ್ರಿಕೆ’ಗೆ ಕಟ್ಟುವವರು ಇಂದಿಗೂ ಇದ್ದಾರೆ. ಅದು ಅತಿಮಾತು. ನರಗುಂದ-ನವಲಗುಂದದಲ್ಲಿ ರೈತರ ಮೇಲೆ ನಡೆದ ಗೋಲಿಬಾರ್, ಆಮೇಲೆ ಕನ್ನಡಕ್ಕಾಗಿ ನಡೆದ ಗೋಕಾಕ್ ಚಳವಳಿ ಸರ್ಕಾರದ ಬುಡವನ್ನು ಮೊದಲೇ ಅಲ್ಲಾಡಿಸಿದ್ದವು. ಆದರೆ ಜನರ ಸಿಟ್ಟಿಗೆ ನಾಲಿಗೆ ಕೊಟ್ಟದ್ದು ಆ ವಾರಪತ್ರಿಕೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

1980ರ ಜುಲೈನಲ್ಲಿ ಪಿ. ಲಂಕೇಶ್ ಪತ್ರಿಕೆ ಆರಂಭಿಸಿದಾಗ ಗುಂಡೂರಾವ್ ಅಧಿಕಾರಕ್ಕೆ ಬಂದು ಆರೇಳು ತಿಂಗಳಾಗಿತ್ತು ಅಷ್ಟೆ. ಮುಖ್ಯಮಂತ್ರಿ ಆ ಪುಟಗಳಲ್ಲಿ ‘ಗುಂ’ ಆದರು. ರಾಜಕಾರಣಿ ಬಂಗಾರಪ್ಪ ‘ಬಂ’ ಆದರು. ಮೇಲ್ನೋಟಕ್ಕೆ ಇದು ಹುಡುಗಾಟ. ಆದರೆ ‘ಸನ್ಮಾನ್ಯ ಮುಖ್ಯಮಂತ್ರಿಗಳು’ ಎಂದು ಶುರುವಾಗುವ ವರದಿ ಅರ್ಧ ಬಗ್ಗಿಯೇ ನಿಂತಿರುತ್ತದೆ. ‘ಗುಂ’ ಎಂದು ಶುರುವಾದರೆ ಮುಂದಿನ ಸಾಲಿನಲ್ಲೇ ದುಡ್ಡಿನ ಲೆಕ್ಕ ಕೇಳಬಹುದು. ಜಾಹೀರಾತು ಬೇಡವೆಂದ ಪತ್ರಿಕೆಗೆ ಆ ಧೈರ್ಯದ ಬೆಲೆಯನ್ನು ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ಕೊಡುತ್ತಿದ್ದವನು ಓದುಗ. ಲೇವಡಿಯ ಪಕ್ಕದ ಪುಟದಲ್ಲೇ ಒಳ್ಳೆಯ ಸಾಹಿತ್ಯವೂ ಇರುತ್ತಿತ್ತು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಇಲ್ಲಿಯೇ.

ಇದಕ್ಕೆ ಮೊದಲು ಕನ್ನಡದಲ್ಲಿ ನಗೆ ಇರಲಿಲ್ಲವೆಂದಲ್ಲ. ಡಾ. ಎಂ. ಶಿವರಾಂ, ಅಂದರೆ ರಾಶಿ, 1942ರಿಂದ 1967ರವರೆಗೆ ‘ಕೊರವಂಜಿ’ ನಡೆಸಿದರು, ಆರ್.ಕೆ. ಲಕ್ಷ್ಮಣ್ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದರು. ‘ಕೊರವಂಜಿ’ಯ ನಗೆ ಯಾರಿಗೂ ಗಾಯ ಮಾಡದಂತೆ ಎಚ್ಚರ ವಹಿಸಿತು. ಆ ಸಭ್ಯತೆಯ ಬಗ್ಗೆ ನನಗೆ ಗೌರವವಿದೆ, ಆದರೆ ಅದನ್ನು ಓದಿ ಯಾವ ಮಂತ್ರಿಯೂ ನಿದ್ದೆಗೆಟ್ಟಿರಲಾರ.

ಕೊಡಗಿನ ಸ್ವಂತ ಪತ್ರಿಕಾ ಪರಂಪರೆ ಬೇರೆಯೇ ಜಾಡಿನದು. ಪಂದ್ಯಂಡ ಬೆಳ್ಯಪ್ಪ ‘ಕೊಡಗು’ ವಾರಪತ್ರಿಕೆ ನಡೆಸಿದರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋದರು. ಚೀಫ್ ಕಮಿಷನರರ ನೇರ ಆಳ್ವಿಕೆಯ ಪುಟ್ಟ ಸೀಮೆಯಲ್ಲಿ ಪತ್ರಿಕೆ ನಡೆಸುವುದೇ ಸಾಹಸ. 1952ರಲ್ಲಿ ಇದೇ ಗಾಂಧಿವಾದಿ, ಮೈಸೂರಿನೊಡನೆ ವಿಲೀನ ಬೇಡವೆಂದ ತಕ್ಕಡಿ ಪಕ್ಷದ ಮುಂದಾಳಾದರು. ಅವರದು ಮನವಿಯ, ನೀತಿಯ ಮಾರ್ಗ. ಮಡಿಕೇರಿಯ ‘ಶಕ್ತಿ’ 1957ರಿಂದ ಜಿಲ್ಲೆಯ ದಿನಚರಿಯನ್ನೇ ದಾಖಲಿಸುತ್ತಾ ಬಂದಿದೆ. ಎಲ್ಲರೂ ಎಲ್ಲರಿಗೂ ಪರಿಚಿತರಾದ ಊರಿನಲ್ಲಿ ವಿಡಂಬನೆ ಬರೆಯುವುದು ಕಷ್ಟ: ಬೆಳಿಗ್ಗೆ ಲೇವಡಿ ಮಾಡಿದವನು ಸಂಜೆ ಅದೇ ಮದುವೆಮನೆಯಲ್ಲಿ ಪಂಕ್ತಿಗೆ ಕೂರಬೇಕು. ಕೊಡಗಿನವರನ್ನು ಗೇಲಿ ಮಾಡಲು ಬೆಂಗಳೂರಿನ ಪತ್ರಿಕೆಯೇ ಬೇಕಾಯಿತು ಎಂಬುದಕ್ಕೆ ಇದೂ ಒಂದು ಕಾರಣ.

ನನ್ನ ತಕರಾರು ಇರುವುದು ಇಲ್ಲಿಯೇ. ಲಂಕೇಶರ ಮಾದರಿ ವಿಧಾನಸೌಧದ ಅಧಿಕಾರವನ್ನು ಚೆನ್ನಾಗಿ ಗುರುತಿಸಿತು; ಆದರೆ ಆ ವಿಡಂಬನೆಗೆ ಸದಾ ಒಂದು ಮುಖ ಬೇಕಿತ್ತು. ಕೊಡಗಿನ ತೋಟದ ಅಧಿಕಾರಕ್ಕೆ ಅಂಥ ಮುಖವಿಲ್ಲ. ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಕಾರರ ಸಾಲುಮನೆಯಲ್ಲಿ, ತಲೆತಲಾಂತರದಿಂದ ಬದುಕುವ ಯರವ ಆದಿವಾಸಿ ಕುಟುಂಬಕ್ಕೆ ಮನೆಯೂ ಕೂಲಿಯೂ ಒಬ್ಬನೇ ಧಣಿಯ ಕೈಯಲ್ಲಿ. ಕೆಲಸ ಬಿಟ್ಟರೆ ಸೂರೂ ಹೋಯಿತು. ಆ ಧಣಿಗೆ ಅಡ್ಡಹೆಸರಿಟ್ಟು ನಕ್ಕರೂ ಬಾಗಿಲಿನ ಬೀಗ ಅವನ ಕೈಯಲ್ಲೇ ಉಳಿಯುತ್ತದೆ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಅವರ ಪರ ನಿಂತವರಲ್ಲಿ ಎ.ಕೆ. ಸುಬ್ಬಯ್ಯನವರೂ ಒಬ್ಬರು, ಗುಂಡೂರಾವ್ ಕಾಲದಲ್ಲಿ ಬಿಜೆಪಿಯ ರಾಜ್ಯಾಧ್ಯಕ್ಷರಾಗಿದ್ದು, ಮುಂದೆ ಆ ಪಕ್ಷದಿಂದಲೇ ಹೊರಬಿದ್ದವರು. ಅಲ್ಲಿ ಬೇಕಾಗಿದ್ದದ್ದು ಭೂದಾಖಲೆ, ಸರ್ವೆ ನಂಬರು, ಕೂಲಿಯ ಲೆಕ್ಕ ಹಿಡಿದು ವಾರವಾರವೂ ಬೆನ್ನು ಹತ್ತುವ ವರದಿ.

ಲಂಕೇಶರ ನಂತರ ಬಂದ ಹಲವು ಟ್ಯಾಬ್ಲಾಯ್ಡ್‌ಗಳು ಅಡ್ಡಹೆಸರನ್ನು ಎತ್ತಿಕೊಂಡು ಲೆಕ್ಕ ಕೇಳುವುದನ್ನು ಬಿಟ್ಟವು. ಕೊಡಗಿನಿಂದ ಒಂದು ಹರಿತವಾದ ವಾರಪತ್ರಿಕೆ ಇನ್ನಾದರೂ ಹೊರಡುವುದಾದರೆ, ಅದರ ಮೊದಲ ವರದಿಗಾರ್ತಿ ಲೈನ್ ಮನೆಯಲ್ಲಿ ಬೆಳೆದವಳಾಗಿರಲಿ ಎಂಬುದು ನನ್ನ ಆಸೆ.