ಮುಚ್ಚಳದ ಒಳಮೈ

ಎಚ್‌ಎಂಟಿ ಜನತಾ ವಾಚಿಗೆ ಮತ್ತೆ ಬೆಲೆ ಬಂದಿದೆ. ಜಪಾನಿನ ಸಿಟಿಜನ್ ಕಂಪನಿಯೊಂದಿಗೆ 1961ರ ಒಪ್ಪಂದ, ಜಾಲಹಳ್ಳಿಯ ಕಾರ್ಖಾನೆ, ನೆಹರೂ, 2016ರಲ್ಲಿ ಕೇಂದ್ರ ಸಂಪುಟ ಹಾಕಿಸಿದ ಬೀಗ: ಬೆಂಗಳೂರಿನ ಪೀಣ್ಯದ ಸುತ್ತ ಬೆಳೆದವರಿಗೆ ಈ ಕಥೆ ಬಾಯಿಪಾಠ. ನನ್ನ ತಕರಾರು ಆ ನೆನಪಿನ ಹೆಸರಲ್ಲಿ ನಡೆಯುವ ‘ಹೊಸದು ಮಾಡುವ’ ಕೆಲಸದ ಮೇಲೆ. ಹಳೆಯ ಡಯಲಿಗೆ ಬಣ್ಣ ಬಳಿದು, ಅಕ್ಷರ ಮತ್ತೆ ಅಚ್ಚೊತ್ತಿ, ಕೇಸಿಗೆ ಪಾಲಿಶ್ ಹೊಡೆದು ಮಾರುತ್ತಾರೆ. ಕೈಚಳಕ ಇದೆ, ಒಪ್ಪುತ್ತೇನೆ. ಆದರೆ ಕೊಂಡವರು ಇತಿಹಾಸವನ್ನೇ ಕೈಗೆ ಕಟ್ಟಿಕೊಂಡೆವೆಂದು ಹಿಗ್ಗುವುದನ್ನು ಒಪ್ಪಲಾರೆ.

ಅಪ್ಪನ ಜನತಾದ ಡಯಲಿನಲ್ಲಿ ಆರರ ಬಳಿ ಒಂದು ಕಂದು ಕಲೆಯಿದೆ. ಹಿಂದಿನ ಮುಚ್ಚಳ ತೆಗೆದರೆ ಒಳಮೈಯಲ್ಲಿ ಸೂಜಿಮೊನೆಯ ಗೀರುಗಳು. ಸರ್ವೀಸ್ ಮಾಡಿದಾಗ ರಿಪೇರಿಯವರು ಕೊರೆದಿಟ್ಟ ತಾರೀಕುಗಳು ಅವು. 78, 80, ಆಮೇಲೆ 7-4-81. ಎರಡು ವರ್ಷಕ್ಕೊಮ್ಮೆ ಬಿಚ್ಚುತ್ತಿದ್ದ ವಾಚನ್ನು ಆ ಸಲ ಅಷ್ಟು ಬೇಗ ಏಕೆ ಬಿಚ್ಚಿದರು? 1980ರ ಡಿಸೆಂಬರಿನಿಂದ 77 ದಿನ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಮಿಕರು ಮುಷ್ಕರ ಹೂಡಿದ್ದರು. ಅಪ್ಪನೂ ಅವರಲ್ಲೊಬ್ಬರು. ಎರಡನೆಯ ತಿಂಗಳು ಅಮ್ಮನ ಬಳೆಗಳ ಹಿಂದೆಯೇ ವಾಚೂ ಗಿರವಿಗೆ ಹೋಯಿತು. ಬಿಡಿಸಿ ತಂದಾಗ ಒಳಗೆ ತೇವ ಹೊಕ್ಕಿತ್ತು. ಆರರ ಬಳಿಯ ಕಲೆ ಆಗಿನದು. ಹೊಸ ಬಣ್ಣ ಬಳಿದರೆ ಮೊದಲು ಅಳಿಯುವುದೇ ಅದು.

ಸಂಸ್ಕೃತಿಯ ಬಗ್ಗೆ ಬರೆಯುವ ಕೆಲವು ಮಿತ್ರರು ಇದನ್ನು ಭಾವುಕತೆ ಎಂದು ತಳ್ಳಿಹಾಕುತ್ತಾರೆ. ಮನೆಯವರ ಕಥೆ ಇಲ್ಲದಿದ್ದರೆ ಗೀರು ಬರೀ ಗೀರು, ಸಾಕ್ಷಿ ಹೇಳುವುದು ಮನುಷ್ಯನೇ ಎಂಬುದು ಅವರ ವಾದ. ಅವರು ಇಂಥ ವಾಚನ್ನು ಬಿಚ್ಚಿ ನೋಡಿಲ್ಲ. ಅಪ್ಪ ಕೊನೆಕೊನೆಗೆ ಮುಷ್ಕರ ಒಂದೇ ತಿಂಗಳು ನಡೆದಿದ್ದು ಎನ್ನುತ್ತಿದ್ದರು. ವಾಚು ಗಿರವಿಗೆ ಹೋಗಿದ್ದನ್ನಂತೂ ಒಪ್ಪುತ್ತಲೇ ಇರಲಿಲ್ಲ; ಅವರಿಗೆ ಅದು ಮಾನದ ಪ್ರಶ್ನೆ. ಮುಚ್ಚಳ ತೆಗೆದು ತಾರೀಕು ತೋರಿಸಿದೆ. ಬಹಳ ಹೊತ್ತು ನೋಡಿ, “ನಿಮ್ಮಮ್ಮನ ಬಳೆ ಬಿಡಿಸೋಕೆ ಇನ್ನೂ ಒಂದು ವರ್ಷ ಆಯ್ತು ಕಣೋ” ಎಂದರು. ಅದುವರೆಗೆ ಬಾಯಿಬಿಡದ ಮಾತು. ಅಪ್ಪನ ಕಥೆಯನ್ನು ತಿದ್ದಿದ್ದು ಆ ಗೀರು. ಭಾವುಕತೆಗೆ ಈ ಕೆಲಸ ಆಗದು.

ಪಾಲಿಶ್ ಹೊಡೆದ ಜನತಾ ಸಮಯ ಸರಿಯಾಗಿ ತೋರಿಸಬಹುದು. ಇತಿಹಾಸದ ವಸ್ತುವಾಗಿ ಅದಕ್ಕೆ ಬೆಲೆಯಿಲ್ಲ. ನಿಮ್ಮ ಮನೆಯಲ್ಲೂ ಹಳೆಯ ಎಚ್‌ಎಂಟಿ ಇದ್ದರೆ ಡಯಲು ಮುಟ್ಟಿಸಬೇಡಿ. ನಂಬಿಕೆಯ ರಿಪೇರಿಯವರ ಹತ್ತಿರ ಮುಚ್ಚಳ ತೆಗೆಸಿ, ಒಳಗಿನ ತಾರೀಕುಗಳನ್ನು ಬರೆದುಕೊಳ್ಳಿ, ಅದನ್ನು ಕೈಗೆ ಕಟ್ಟಿಕೊಳ್ಳುತ್ತಿದ್ದವರು ಇನ್ನೂ ಇದ್ದರೆ ಇವತ್ತೇ ಕೇಳಿ.