ಪರದೆಯ ಓದು ಮತ್ತು ಸಂಧಿಯ ಪಾಠ: ಶಹಾಪುರವನ್ನು ಮುಂದಿಟ್ಟು ಒಂದು ವಿಮರ್ಶೆ

ಪಠ್ಯಪುಸ್ತಕಗಳಲ್ಲಿ ಮುದ್ರಿತವಾಗಿರುವ ಕ್ಯೂಆರ್ ಸಂಕೇತಗಳು ವಿದ್ಯಾರ್ಥಿಯನ್ನು 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಸಾಮಗ್ರಿಗೆ ಒಯ್ಯುತ್ತವೆ. ಪುಸ್ತಕದಾಚೆಗಿನ ಪಾಠ ಹಳ್ಳಿಯ ಶಾಲೆಗೂ ಎಟಕುವಂತಾದುದು ಸಣ್ಣ ಸಾಧನೆಯಲ್ಲ. ಆದರೆ ಇದನ್ನೇ ಡಿಜಿಟಲ್ ಓದಿನ ಶಿಕ್ಷಣವೆಂದು ಭಾವಿಸುವುದನ್ನು ನಾವು ಒಪ್ಪಲಾರೆವು. ಸಂಕೇತವು ಮೊದಲೇ ಗೊತ್ತುಪಡಿಸಿದ ಸಾಮಗ್ರಿಯತ್ತ ಕರೆದೊಯ್ಯುತ್ತದೆ. ಹುಡುಕುವ, ಆಯುವ, ಹೋಲಿಸುವ ಹೊಣೆಯನ್ನು ಓದುಗನಿಂದ ಕಳಚಿಬಿಡುತ್ತದೆ. 2018ರ ಪಿಸಾ ಮೌಲ್ಯಮಾಪನವಾದರೋ ಮಾಹಿತಿಯನ್ನು ಅರಸುವುದನ್ನೂ ಅದರ ವಿಶ್ವಾಸಾರ್ಹತೆಯನ್ನು ತೂಗುವುದನ್ನೂ ಓದಿನ ಅಂಗವೆಂದೇ ಪರಿಗಣಿಸಿತು.

ಕನ್ನಡದಲ್ಲಿ ಹುಡುಕುವುದು ವ್ಯಾಕರಣದ ಪ್ರಶ್ನೆಯೂ ಹೌದು. ಕೃಷ್ಣಾ ನದಿಯ ನೀರು ಕಾಲುವೆಯ ಮೂಲಕ ತನ್ನ ತಾಲ್ಲೂಕಿಗೆ ಬಂದ ಬಗೆಯನ್ನು ಶಹಾಪುರದ ವಿದ್ಯಾರ್ಥಿನಿಯೊಬ್ಬಳು ದೀರ್ಘ ವರದಿಯೊಂದರಲ್ಲಿ ಅರಸುತ್ತಾಳೆಂದು ಭಾವಿಸೋಣ. ಅಕ್ಷರಕ್ಕೆ ಅಕ್ಷರವನ್ನು ಹೊಂದಿಸಿ ನೋಡುವ ಹುಡುಕಾಟಕ್ಕೆ ‘ನೀರು’ ಎಂದು ಕೊಟ್ಟರೆ ‘ನೀರಿನ’, ‘ನೀರನ್ನು’, ‘ನೀರಾವರಿ’ ಎಂಬ ರೂಪಗಳು ಸಿಗವು. ‘ಕಾಲ’ ಎಂದು ಕೊಟ್ಟರೆ ‘ಮಳೆಗಾಲ’ ಸಿಗದು. ಲೋಪ, ಆದೇಶಸಂಧಿಗಳನ್ನು ನಮ್ಮ ತರಗತಿಗಳಲ್ಲಿ ಬಹುಮಟ್ಟಿಗೆ ಹೆಸರಿಸುವ ಅಭ್ಯಾಸವಾಗಿ ಕಲಿಸಲಾಗುತ್ತದೆ. ಪದವೊಂದು ವಾಕ್ಯದೊಳಗೆ ಯಾವ ಯಾವ ರೂಪಗಳಲ್ಲಿ ಅಡಗಿರಬಹುದೆಂದು ಊಹಿಸುವ ಸಾಧನವಾಗಿ ಅವನ್ನು ಕಲಿಸಿದರೆ ಅದೇ ಪಾಠ ಪರದೆಯ ಓದಿನ ಪಾಠವೂ ಆಗುತ್ತದೆ.

ಸ್ಥಳನಾಮಗಳು ಇನ್ನೊಂದು ತೊಡಕನ್ನು ಮುಂದಿಡುತ್ತವೆ. ಶಹಾಪುರವು ಬರಹದಲ್ಲಿ ಶಹಪುರವೂ ಆಗುತ್ತದೆ. ನೆರೆಯ ಸುರಪುರವು ಶೋರಾಪುರವೂ ಆಗುತ್ತದೆ. ಬೆಳಗಾವಿ ನಗರದಲ್ಲಿ ಒಂದು ಶಹಾಪುರವಿದೆ, ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲಿ ಮತ್ತೊಂದು. ಯಾದಗಿರಿ ಜಿಲ್ಲೆ ರಚನೆಯಾದದ್ದು 2009ರ ಡಿಸೆಂಬರಿನಲ್ಲಿ; ಶಹಾಪುರವನ್ನು ಗುಲ್ಬರ್ಗಾ ಜಿಲ್ಲೆಯದೆಂದು ಹೇಳುವ ಪುಟವು ಸುಳ್ಳಲ್ಲ, ಹಳೆಯದು. ಎರಡು ಪುಟಗಳ ವಿರೋಧವನ್ನು ಕಾಲದ ಅಂತರವಾಗಿ ಅರಿಯುವುದು ವಿಮರ್ಶಾತ್ಮಕ ಓದಿನ ಮೊದಲ ಹೆಜ್ಜೆ. ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಸಿದ್ಧವಾದ ಹಳೆಯ ಪಿಡಿಎಫ್‌ಗಳಂತೂ ಕಣ್ಣಿಗೆ ಕನ್ನಡವಾಗಿ ಕಂಡರೂ ಯೂನಿಕೋಡ್‌ನಲ್ಲಿ ಟೈಪಿಸಿದ ಪದಕ್ಕೆ ಸಿಕ್ಕುವುದಿಲ್ಲ. ‘ಸಿಗಲಿಲ್ಲ’ ಎಂಬುದಕ್ಕೂ ‘ಇಲ್ಲ’ ಎಂಬುದಕ್ಕೂ ಇರುವ ಅಂತರವನ್ನು ಮಕ್ಕಳಿಗೆ ಹೇಳಿಕೊಡಬೇಕಾಗಿದೆ.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ಯಾದಗಿರಿಯದು ಶೇ. 51.83, ರಾಜ್ಯದಲ್ಲೇ ಅತಿ ಕಡಿಮೆ. ಇಂಥಲ್ಲಿ ಮೊದಲು ಅಕ್ಷರ, ಅನಂತರ ಪರದೆ ಎಂಬ ಆಕ್ಷೇಪ ಸಹಜ. ಆದರೆ ನಾವು ಸೂಚಿಸುತ್ತಿರುವ ಅಭ್ಯಾಸಕ್ಕೆ ಯಂತ್ರ ಅನಿವಾರ್ಯವಲ್ಲ. ಒಂದು ಮುದ್ರಿತ ಪುಟದಲ್ಲಿ ‘ನೀರು’ ಪದದ ಎಲ್ಲ ರೂಪಗಳನ್ನು ಗುರುತಿಸುವುದು, ಒಂದೇ ಊರಿನ ಬಗೆಗಿನ ಬೇರೆ ಬೇರೆ ವರ್ಷಗಳ ಎರಡು ಬರಹಗಳನ್ನು ಹೋಲಿಸುವುದು ಕರಿಹಲಗೆಯ ಮುಂದೆಯೇ ಸಾಧ್ಯ. ಮನೆಯಲ್ಲಿ ಓದಿನಲ್ಲಿ ನೆರವಾಗುವವರಿಲ್ಲದ ಮಗುವಿಗೆ ಈ ತರಬೇತಿ ಹೆಚ್ಚು ಅಗತ್ಯ. ಕನ್ನಡದಲ್ಲಿ ಹುಡುಕಿ ಏನೂ ಸಿಗದ ಮಗು ತನ್ನ ಹುಡುಕಾಟದ ರೀತಿಯನ್ನು ಶಂಕಿಸುವುದಿಲ್ಲ; ತನ್ನ ಭಾಷೆಯಲ್ಲಿ ಆ ತಿಳಿವಳಿಕೆಯೇ ಇಲ್ಲವೆಂದು ತೀರ್ಮಾನಿಸುತ್ತದೆ. ಈ ತೀರ್ಮಾನವನ್ನು ತಡೆಯುವ ಹೊಣೆ ಕನ್ನಡದ ಪಾಠದ್ದು. ಅದನ್ನು ಕಂಪ್ಯೂಟರ್ ತರಗತಿಗೆ ವರ್ಗಾಯಿಸಲಾಗದು.