ಸಿಖ್ಖರ ಕೇಶಧಾರಣೆಯೂ ಅವರ ಕಾವ್ಯವೂ

ಪಂಜಾಬದ ಒಂದು ಮತದವರು ಕೂದಲನ್ನು ಕತ್ತರಿಸದಿರುವ ವಿಚಾರವನ್ನು ಕನ್ನಡದ ಸಾಹಿತ್ಯ ಪತ್ರಿಕೆಯಲ್ಲಿ ಎತ್ತುವುದೇಕೆಂದು ಕೆಲವರು ವಾಚಕರು ಕೇಳಬಹುದು. ಅದಕ್ಕೆ ನಮ್ಮ ಉತ್ತರಗಳು ಎರಡು. ಯಾವ ಆಚಾರದ ಅರ್ಥವೂ ಅದನ್ನು ವಿಧಿಸುವ ಗ್ರಂಥಗಳಲ್ಲಿ ದೊರೆಯುವುದಕ್ಕಿಂತ ಹೆಚ್ಚಾಗಿ ಅದನ್ನು ಹಾಡಿದ ಕವಿಗಳಲ್ಲಿಯೂ ಕಥೆಮಾಡಿ ಹೇಳಿದವರಲ್ಲಿಯೂ ದೊರೆಯುವುದೆಂಬುದು ಒಂದು. ಎರಡನೆಯದು ನಮಗೆ ಇನ್ನೂ ಹತ್ತಿರದ್ದು. ೧೬೯೯ನೆಯ ಇಸವಿಯ ವೈಶಾಖಿಯ ದಿನ ಆನಂದಪುರದಲ್ಲಿ ಗುರು ಗೋವಿಂದಸಿಂಹರು ಖಾಲ್ಸಾ ಪಂಥವನ್ನು ಸ್ಥಾಪಿಸಿದಾಗ ತಲೆಯನ್ನೊಪ್ಪಿಸಲು ಮುಂದೆ ಬಂದ ಐವರಲ್ಲಿ ಒಬ್ಬನು ನಮ್ಮ ಬೀದರಿನವನೆಂದು ಸಿಖ್ಖರ ಸಂಪ್ರದಾಯವು ಹೇಳುತ್ತದೆ. ಅವನ ಹೆಸರು ಸಾಹಿಬಚಂದ. ದೀಕ್ಷೆಯ ತರುವಾಯ ಸಾಹಿಬಸಿಂಗ್. ಅವನ ಕುಲವೃತ್ತಿ ಕ್ಷೌರ. ಕೂದಲನ್ನು ಕತ್ತರಿಸುವುದೇ ಜೀವನೋಪಾಯವಾಗಿದ್ದ ಮನೆಯವನು ಇನ್ನು ಮುಂದೆ ಕೂದಲಿಗೆ ಕತ್ತಿಯನ್ನು ಸೋಕಿಸಲಾಗದೆಂಬ ವ್ರತವನ್ನು ಮೊದಲು ಹಿಡಿದವರಲ್ಲಿ ಒಬ್ಬನಾದನು. ಇಂತಹ ಸಂಗತಿಯನ್ನು ಕೇಳಿದ ಮೇಲೆ ಸಾಹಿತ್ಯಾಸಕ್ತನು ಸುಮ್ಮನಿರುವುದು ಕಷ್ಟ.

ಈ ವ್ರತಕ್ಕೆ ಕಾರಣಗಳನ್ನು ಹೇಳುವವರಿಗೆ ಕೊರತೆಯಿಲ್ಲ. ಯುದ್ಧದಲ್ಲಿ ಶಿರೋರಕ್ಷಣೆಗಾಗಿ ಎನ್ನುವರು ಕೆಲವರು. ಆರೋಗ್ಯಕ್ಕಾಗಿ ಎನ್ನುವರು ಇನ್ನು ಕೆಲವರು. ಪುರಾತನ ಋಷಿಗಳ ಅನುಸರಣೆಗಾಗಿ ಎನ್ನುವವರೂ ಉಂಟು. ಇವುಗಳಲ್ಲಿ ಮೊದಲಿನದು ಶಿರಸ್ತ್ರಾಣವಿರುವವರೆಗೆ ಅನಾವಶ್ಯಕ. ಎರಡನೆಯದು ವೈದ್ಯರು ಇತ್ಯರ್ಥಮಾಡಬೇಕಾದ ಮಾತು. ಮೂರನೆಯದರ ವಿಷಯವನ್ನು ಮುಂದೆ ನೋಡೋಣ. ಇವೆಲ್ಲಕ್ಕಿಂತ ತೂಕವುಳ್ಳದ್ದು ಗುರುತಿನ ಕಾರಣ. ೧೬೭೫ರಲ್ಲಿ ದೆಹಲಿಯ ಚಾಂದನಿ ಚೌಕದಲ್ಲಿ ಗುರು ತೇಗಬಹಾದ್ದೂರರ ಶಿರಚ್ಛೇದವಾದಾಗ ನೆರೆದಿದ್ದ ಜನರಲ್ಲಿ ಸಿಖ್ಖರಾರೆಂಬುದು ತಿಳಿಯಲಿಲ್ಲವೆಂದೂ, ಅವರ ಮಗನು ತನ್ನವರು ಸಾವಿರ ಜನರ ನಡುವೆಯೂ ಅಡಗಲಾರದಂತೆ ಮಾಡಿದನೆಂದೂ ಹೇಳುವರು. ಒಪ್ಪತಕ್ಕ ಮಾತೇ. ಆದರೆ ಗುರುತೇ ಉದ್ದೇಶವಾಗಿದ್ದರೆ ಬಣ್ಣದ ಬಟ್ಟೆಯೊಂದು ಸಾಕಾಗಿತ್ತಲ್ಲವೆ? ಉಟ್ಟ ಬಟ್ಟೆಯನ್ನು ಕಳಚಬಹುದು, ಹಣೆಯ ತಿಲಕವನ್ನು ಒರೆಸಬಹುದು. ಕೇಶವಾದರೋ ಮನುಷ್ಯನು ಧರಿಸಿದ ಲಾಂಛನವಲ್ಲ; ಅವನು ಏನನ್ನೂ ಮಾಡದೆ ಇದ್ದರೆ ತಾನಾಗಿ ಬೆಳೆಯತಕ್ಕದ್ದು. ಈ ಭೇದವನ್ನು ಗುರುತಿನ ವಾದಿಗಳು ಗಮನಿಸಿದಂತೆ ಕಾಣುವುದಿಲ್ಲ. ಕವಿಗಳು ಗಮನಿಸಿರುವರು.

೧೬೦೪ರಲ್ಲಿ ಸಂಕಲಿತವಾದ ಆದಿಗ್ರಂಥದಿಂದಲೇ ಆರಂಭಿಸೋಣ. ಅಲ್ಲಿ ನಮಗೆದುರಾಗುವುದು ಒಂದು ಕಷ್ಟ. ಅದರಲ್ಲಿ ಸೇರಿರುವ ಕಬೀರನ ದ್ವಿಪದಿಯೊಂದು, ಒಬ್ಬನಲ್ಲಿ ಪ್ರೀತಿ ನೆಲೆಸಿದ ಮೇಲೆ ಕೂದಲನ್ನು ನೀಳವಾಗಿ ಬಿಟ್ಟರೂ ಸರಿ, ತಲೆಯನ್ನು ಬೋಳಿಸಿದರೂ ಸರಿ ಎಂಬ ಅಭಿಪ್ರಾಯವನ್ನು ಕೊಡುತ್ತದೆ. ನಮ್ಮ ವಚನಕಾರರ ಮಾತನ್ನು ಕೇಳಿ ಬೆಳೆದವರಿಗೆ ಈ ಧ್ವನಿ ಹೊಸದಲ್ಲ. ಹಾಗಾದರೆ ಆ ಗ್ರಂಥವನ್ನೇ ಗುರುವೆಂದು ಶಿರಸಾವಹಿಸುವವರು ಕೇಶವನ್ನು ಹೀಗೆ ಕಾಪಾಡುವುದು ಹೇಗೆ? ವಾದಪ್ರಿಯರು ಇದನ್ನು ವಿರೋಧವೆಂದು ಎತ್ತಿ ತೋರಿಸುವರು. ಆದರೆ ಅದೇ ಗ್ರಂಥದಲ್ಲಿ ಐದನೆಯ ಗುರುವಾದ ಅರ್ಜುನದೇವರ ಪದಗಳಲ್ಲಿ ಕೇಶವು ಬರುವ ಬಗೆಯನ್ನು ನೋಡಬೇಕು. ಭಕ್ತನು ತನ್ನ ಕೂದಲನ್ನೇ ಚಾಮರವನ್ನಾಗಿ ಮಾಡಿ ಬೀಸಲು ಬಯಸುತ್ತಾನೆ; ಕೂದಲಿನಿಂದ ಸಂತಸೇವಕರ ಕಾಲನ್ನು ಒರಸಲು ಬಯಸುತ್ತಾನೆ. ಇಲ್ಲಿ ಕೇಶವು ಅಲಂಕಾರವೂ ಅಲ್ಲ, ಲಾಂಛನವೂ ಅಲ್ಲ, ಸೇವೆಯ ಉಪಕರಣ. ದೇಹದಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನು ಮತ್ತೊಬ್ಬರ ಪಾದಕ್ಕೆ ಇಳಿಸುವ ಭಾವ. ಕಬೀರನು ಹಳಿದುದು ಕೂದಲನ್ನು ಹೆಮ್ಮೆಯ ಪತ್ರವನ್ನಾಗಿ ಮಾಡಿಕೊಂಡವನನ್ನು; ಅರ್ಜುನದೇವರು ಹಾಡಿದುದು ಅದನ್ನು ಪೊರಕೆಯನ್ನಾಗಿ ಮಾಡಿಕೊಂಡವನನ್ನು. ಇಬ್ಬರ ಮಾತೂ ಒಂದೇ ಹೊತ್ತಗೆಯಲ್ಲಿರುವುದು ನನಗಂತೂ ವಿರೋಧವೆಂದು ತೋರುವುದಿಲ್ಲ. ಮೊದಲನೆಯದು ಎರಡನೆಯದರ ಕಾವಲಿಗೆ ನಿಂತಂತೆ ತೋರುತ್ತದೆ.

ನಮ್ಮ ಕಡೆ ದೇವರಿಗೆ ಮುಡಿ ಕೊಡುವ ಪದ್ಧತಿಯುಂಟು. ಹರಕೆ ಹೊತ್ತವರು ತಿರುಪತಿಯಲ್ಲಿ ತಲೆಯನ್ನು ಬೋಳಿಸಿಕೊಂಡು ಕೂದಲನ್ನು ಅರ್ಪಿಸುವರು. ಆದುದರಿಂದ ಕೂದಲು ದೇವರದು ಎಂಬ ಭಾವನೆ ಕನ್ನಡಿಗನಿಗೆ ಅಪರಿಚಿತವಲ್ಲ. ಸಿಖ್ಖರಲ್ಲಿ ಅರ್ಪಣೆಯ ರೀತಿಯು ತಿರುವುಮುರುವು; ಕೂದಲನ್ನು ಇಟ್ಟುಕೊಳ್ಳುವುದೇ ಕೊಡುವುದು. ಇದರೊಂದಿಗೆ ಇನ್ನೊಂದನ್ನೂ ನೆನೆಯಬೇಕು. ನಮ್ಮ ದೇಶದಲ್ಲಿ ಮನೆಯನ್ನು ಬಿಟ್ಟು ಹೊರಟವರ ತಲೆಯು ಎರಡು ವಿಧ: ಒಂದು ಸಂನ್ಯಾಸಿಯ ಬೋಳುತಲೆ, ಮತ್ತೊಂದು ಜೋಗಿಯ ಜಟೆ. ಸಿಖ್ಖನ ತಲೆ ಇವೆರಡೂ ಅಲ್ಲ. ಅವನು ಕೂದಲನ್ನು ಕತ್ತರಿಸುವುದಿಲ್ಲ, ಜಡೆಗಟ್ಟಲೂ ಬಿಡುವುದಿಲ್ಲ; ಬಾಚಿ, ಮುಡಿಕಟ್ಟಿ, ಅದರಲ್ಲಿ ಬಾಚಣಿಗೆಯನ್ನು ಸಿಕ್ಕಿಸಿ, ಮೇಲೆ ರುಮಾಲನ್ನು ಸುತ್ತುತ್ತಾನೆ. ಸಮಾಜಶಾಸ್ತ್ರಜ್ಞರಾದ ಜೆ. ಪಿ. ಎಸ್. ಉಬೆರಾಯರು ೧೯೬೭ರ ಪ್ರಬಂಧವೊಂದರಲ್ಲಿ ಕೇಶವನ್ನು ಬಾಚಣಿಗೆಯೊಡನೆ ಜೋಡಿಯಾಗಿಯೇ ಓದಬೇಕೆಂದೂ, ಈ ದೀಕ್ಷೆಯು ಸಂನ್ಯಾಸದೀಕ್ಷೆಗೆ ಪ್ರತಿಯಾಗಿ ನಿಂತದ್ದೆಂದೂ ತೋರಿಸಿದರು. ಋಷಿಗಳ ಅನುಸರಣೆಯೆಂಬ ವಾದವು ಇಲ್ಲಿಗೆ ಬಿದ್ದುಹೋಗುತ್ತದೆ. ಬಾಚಣಿಗೆಯು ಗೃಹಸ್ಥನ ವಸ್ತು. ಹೊಲ, ಅಂಗಡಿ, ಹೆಂಡಿರುಮಕ್ಕಳು ಇರುವವನ ವಸ್ತು.

ಗೃಹಸ್ಥನಾಗಿ ಊರೊಳಗೇ ಇದ್ದುಕೊಂಡು ಈ ವ್ರತವನ್ನು ನಡೆಸುವುದರ ಕಷ್ಟವು ಸೈನಾಪತಿಯ ‘ಶ್ರೀ ಗುರಶೋಭಾ’ ಕಾವ್ಯದಲ್ಲಿ ಕಾಣುತ್ತದೆ. ಸೈನಾಪತಿಯು ಗೋವಿಂದಸಿಂಹರ ಆಸ್ಥಾನದ ಕವಿಗಳಲ್ಲೊಬ್ಬನು; ಕಾವ್ಯವು ೧೮ನೆಯ ಶತಮಾನದ ಆರಂಭಕಾಲದ್ದು. ಯುದ್ಧವರ್ಣನೆಗಳಲ್ಲಿ ಅವನು ಪದ್ಧತಿಯ ಕವಿ. ಬಾಣ, ಖಡ್ಗ, ರಕ್ತಪ್ರವಾಹಗಳು ಎಲ್ಲ ಕವಿಗಳಲ್ಲಿಯೂ ಬರುವಂತೆಯೇ ಬರುತ್ತವೆ. ಆದರೆ ದೆಹಲಿಯ ಪ್ರಸಂಗಕ್ಕೆ ಬಂದೊಡನೆ ಅವನ ಕಣ್ಣು ತೆರೆಯುತ್ತದೆ. ಮನೆಯಲ್ಲಿ ಹಿರಿಯರು ತೀರಿಕೊಂಡಾಗ ತಲೆ ಬೋಳಿಸಿಕೊಳ್ಳುವ ಕರ್ಮಕ್ಕೆ ಆ ಕಡೆ ‘ಭದ್ದರ’ವೆಂದು ಹೆಸರು. ಖಾಲ್ಸಾದವರು ಇದನ್ನು ಮಾಡಕೂಡದೆಂದು ಗುರುವಿನ ಆಜ್ಞೆಯಾಯಿತು. ದೆಹಲಿಯ ಖತ್ರಿ ಮನೆತನಗಳಲ್ಲಿ ಕೆಲವರು ಆಜ್ಞೆಯನ್ನು ಹಿಡಿದರು, ಕೆಲವರು ಕುಲಾಚಾರವನ್ನು ಹಿಡಿದರು. ಜಗಳವು ಬೆಳೆದು ಅಂಗಡಿಬೀದಿಯು ಮುಚ್ಚುವವರೆಗೂ ಹೋಯಿತು. ಸತ್ತವನ ಮಗನು ತಲೆಗೂದಲನ್ನು ಉಳಿಸಿಕೊಂಡು ಬಂಧುಗಳ ಮುಂದೆ ನಿಲ್ಲುವುದೆಂದರೇನೆಂಬುದನ್ನು, ಕರ್ಮಾಂತರದ ಮನೆಯಲ್ಲಿ ಕುಳಿತು ಬಲ್ಲ ನಮ್ಮ ವಾಚಕರಿಗೆ ವಿವರಿಸಬೇಕಾದುದಿಲ್ಲ. ಅದು ಪಿತೃದ್ರೋಹದಂತೆ ತೋರುವುದು. ರಣರಂಗದಲ್ಲಿ ಪ್ರಾಣ ಕೊಡುವವನಿಗೆ ಕೀರ್ತಿಯುಂಟು. ಸೂತಕದ ಮನೆಯಲ್ಲಿ ನೆಂಟರ ಮುಖವನ್ನು ಎದುರಿಸಿದವನಿಗೆ ಅದೂ ಇಲ್ಲ. ಸೈನಾಪತಿಯು ಇಂತಹ ಜನಗಳ ವ್ಯಾಜ್ಯವನ್ನು ಕಾವ್ಯಕ್ಕೆ ಯೋಗ್ಯವೆಂದು ಎಣಿಸಿದನಲ್ಲ, ಅದಕ್ಕಾಗಿ ಅವನನ್ನು ಮೆಚ್ಚಬೇಕು.

ಇನ್ನು ರತನಸಿಂಗ ಭಂಗೂ. ಇವನ ‘ಪ್ರಾಚೀನ ಪಂಥ ಪ್ರಕಾಶ’ವು ೧೮೪೧ರಲ್ಲಿ ಮುಗಿದು, ೧೯೧೪ರಲ್ಲಿ ಭಾಯಿ ವೀರಸಿಂಗರಿಂದ ಅಚ್ಚಾಗಿ ಹೊರಬಂದಿತು. ಕವಿಯ ಅಜ್ಜನಾದ ಮೀರಾಂಕೋಟದ ಮೆಹತಾಬಸಿಂಗನೇ ಲಾಹೋರಿನ ಅಧಿಕಾರಿಗಳಿಂದ ಹತನಾದವನು. ಆದುದರಿಂದ ಇದು ಮನೆಯ ಹಿರಿಯರಿಂದ ಕೇಳಿ ಬರೆದ ಗ್ರಂಥ. ಇದರಲ್ಲಿ ತಾರೂಸಿಂಗನ ಕಥೆಯು ಕೇಶದ ವಿಷಯದಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದುದು. ತಾರೂಸಿಂಗನು ಪೂಹ್ಲಾ ಗ್ರಾಮದ ಯುವಕನಾದ ರೈತ. ಕಾಡಿನಲ್ಲಿ ಅಡಗಿದ್ದ ಸಿಖ್ಖರಿಗೆ ಅವನೂ ಅವನ ತಾಯಿ ತಂಗಿಯರೂ ಅನ್ನವನ್ನು ಒದಗಿಸುತ್ತಿದ್ದರು. ಸುದ್ದಿಯು ಲಾಹೋರಿನ ಸುಬೇದಾರನಾದ ಜಕರಿಯಾಖಾನನಿಗೆ ಮುಟ್ಟಿತು. ಸೆರೆಯಾಗಿ ನಿಂತ ತಾರೂಸಿಂಗನಿಂದ ಕವಿಯು ಆಡಿಸುವ ಮಾತು ವೀರಾವೇಶದ್ದಲ್ಲ, ಲೆಕ್ಕಾಚಾರದ್ದು: ಉತ್ತರೆ ಕಂದಾಯವನ್ನು ಕೊಟ್ಟಿದ್ದೇವೆ, ಕೊಟ್ಟು ಉಳಿದುದು ನಮ್ಮ ಹೊಟ್ಟೆಯದು, ಆ ಹೊಟ್ಟೆಯ ಪಾಲಿನಿಂದ ತೆಗೆದು ಕೊಟ್ಟರೆ ನಿಮಗೇನು ನಷ್ಟ ಎಂಬ ಭಾವ. ಒಕ್ಕಲಿಗನಲ್ಲದೆ ಇನ್ನಾರೂ ಹೀಗೆ ವಾದಿಸಲಾರರು. ಕೇಶದ ವಿಚಾರವೂ ಅವನ ಮನಸ್ಸಿನಲ್ಲಿ ಇದೇ ಲೆಕ್ಕಕ್ಕೆ ಸೇರಿದುದೆಂದು ನನಗೆ ತೋರುತ್ತದೆ. ಅರಸನದು ಅರಸನಿಗೆ ಸಂದಿದೆ. ತಲೆಯ ಮೇಲಿರುವುದು ಅರಸನದಲ್ಲ, ತನ್ನದೂ ಅಲ್ಲ. ಕೊಟ್ಟವನೊಬ್ಬನಿದ್ದಾನೆ, ಅವನಿಗೆ ಕೊನೆಯ ಉಸಿರಿನವರೆಗೆ ಒಪ್ಪಿಸತಕ್ಕದ್ದು.

ಕ್ಷೌರಿಕರ ಕತ್ತಿಗಳು ಮೊಂಡಾದುವೆಂದೂ, ಬಳಿಕ ನಮ್ಮ ಚಮ್ಮಾರರ ರಂಪಿಗೆಯಂತಹ ಆಯುಧದಿಂದ ತಲೆಯ ಚರ್ಮವನ್ನೇ ಕೂದಲಿನೊಡನೆ ತೆಗೆದರೆಂದೂ ಕಥೆ. ಇದು ನಡೆದುದು ೧೭೪೫ರಲ್ಲಿ. ಕೇಶವನ್ನು ಶ್ವಾಸದೊಡನೆ ನಿರ್ವಹಿಸಿದವರೆಂದು ಸಿಖ್ಖರು ತಮ್ಮ ನಿತ್ಯಪ್ರಾರ್ಥನೆಯಾದ ಅರ್ದಾಸಿನಲ್ಲಿ ಸ್ಮರಿಸುವುದು ಇಂಥವರನ್ನೇ. ಅನಂತರ ಜಕರಿಯಾಖಾನನಿಗೆ ಮೂತ್ರಬಂಧವಾಗಿ, ತಾರೂಸಿಂಗನ ಪಾದರಕ್ಷೆಯಿಂದ ಏಟು ತಿಂದಾಗಲೇ ಉಪಶಮನವಾಯಿತೆಂಬ ಭಾಗವು ಬರುತ್ತದೆ. ಕೇಳಿದ ಜನಕ್ಕೆ ಅದರಿಂದ ಸಮಾಧಾನವಾಗಿರಬಹುದು; ಕಥೆಗೆ ಅದರಿಂದ ಮೇಲಾಗಿಲ್ಲ. ಹೊಟ್ಟೆಯ ಪಾಲನ್ನು ಕೊಟ್ಟವನ ಮುಂದೆ ಪಾದರಕ್ಷೆಯ ಪವಾಡವು ಸಣ್ಣದಾಗಿ ಕಾಣುತ್ತದೆ. ಇನ್ನೊಂದು ಕೊರತೆಯನ್ನೂ ಹೇಳಿಬಿಡುವೆನು. ಕೇಶದ ನಿಯಮವು ಸ್ತ್ರೀಪುರುಷರಿಬ್ಬರಿಗೂ ಸಮಾನವಾದುದು. ಆದರೆ ಸೈನಾಪತಿಯಲ್ಲಿಯೂ ಭಂಗುವಿನಲ್ಲಿಯೂ ಗಂಡಸಿನ ಮುಡಿಗಷ್ಟೇ ಕಥೆಯುಂಟು. ಕಾಡಿನವರಿಗೆ ಅನ್ನವನ್ನು ಒದಗಿಸಿದ ತಾಯಿ ತಂಗಿಯರು ಬೇಗನೆ ಮರೆಯಾಗುವರು.

ಆಧುನಿಕರಲ್ಲಿ ಪೂರಣಸಿಂಗರನ್ನು ಬಿಟ್ಟು ಈ ವಿಷಯವನ್ನು ಮುಗಿಸುವಂತಿಲ್ಲ. ೧೮೮೧ರಲ್ಲಿ ಹುಟ್ಟಿದ ಇವರು ರಸಾಯನಶಾಸ್ತ್ರವನ್ನು ಕಲಿಯಲು ೧೯೦೦ರಲ್ಲಿ ಜಪಾನಿಗೆ ಹೋದರು. ಅಲ್ಲಿ ಕೇಶವನ್ನು ತೆಗೆಸಿ ಬೌದ್ಧಭಿಕ್ಷುವಾದರು. ಸ್ವಾಮಿ ರಾಮತೀರ್ಥರನ್ನು ಕಂಡು ವೇದಾಂತಿಯಾದರು. ದೇಶಕ್ಕೆ ಹಿಂದಿರುಗಿ ಡೆಹ್ರಾಡೂನಿನ ಅರಣ್ಯಸಂಶೋಧನಾಲಯದಲ್ಲಿ ರಸಾಯನಜ್ಞರಾಗಿದ್ದಾಗ, ೧೯೧೨ರಲ್ಲಿ ಸಿಯಾಲಕೋಟದ ಸಿಖ್ ವಿದ್ಯಾಸಮ್ಮೇಳನದಲ್ಲಿ ಭಾಯಿ ವೀರಸಿಂಗರನ್ನು ಕಂಡು, ಮರಳಿ ಸಿಖ್ಖರಾದರು. ಕೂದಲನ್ನು ಕಳೆದುಕೊಂಡು ಬದುಕಿ ನೋಡಿದವರು ಅದನ್ನು ಕುರಿತು ಬರೆದರೆಂಬುದೇ ಅವರ ಬರಹದ ಬೆಲೆ. ಕಾರಣಗಳನ್ನು ಕೇಳುವವರ ಮೇಲೆ ಅವರಿಗೆ ಸಹನೆಯಿಲ್ಲ. ಅವರ ಪ್ರಕಾರ ಖಾಲ್ಸಾದ ಚಿಹ್ನೆಗಳು ವರನು ವಧುವಿಗೆ ಕೊಟ್ಟ ಮದುವೆಯ ಉಡುಗೊರೆಗಳು. ಉಡುಗೊರೆಗೆ ಪ್ರಯೋಜನವನ್ನು ಕೇಳುವುದುಂಟೆ? ಆದಿಗ್ರಂಥದ ಚಾಮರದಿಂದ ತಾರೂಸಿಂಗನ ಲೆಕ್ಕದವರೆಗೆ ನಾವು ಕಂಡುದೆಲ್ಲಕ್ಕೂ ಇಷ್ಟು ನೇರವಾದ ಹೆಸರನ್ನು ಮತ್ತಾರೂ ಕೊಟ್ಟಿಲ್ಲವೆಂದೇ ನನ್ನ ಎಣಿಕೆ. ಆದರೆ ಅವರ ಗದ್ಯವು ಉಕ್ಕಿ ಹರಿಯತಕ್ಕದ್ದು. ಒಂದು ಉಪಮಾನವು ಸಾಲುವಲ್ಲಿ ನಾಲ್ಕನ್ನು ಸುರಿಯುವರು, ಹೇಳಿದುದನ್ನೇ ಹೇಳುವರು. ಭಂಗುವಿನ ರೈತನು ಹತ್ತು ಮಾತುಗಳಲ್ಲಿ ಮುಗಿಸಿದುದಕ್ಕೆ ಇವರಿಗೆ ಹತ್ತು ಪುಟಗಳು ಬೇಕು.

ಹೀಗಿದ್ದರೂ ಪೂರಣಸಿಂಗರೇ ಒದಗಿಬರುವ ಸಮಯವೊಂದುಂಟು. ೧೯೮೪ರ ನವಂಬರಿನಲ್ಲಿ, ಸೈನಾಪತಿಯು ಹೇಳಿದ ಅದೇ ದೆಹಲಿಯಲ್ಲಿ, ಮುಡಿ ಗಡ್ಡಗಳ ಗುರುತಿನಿಂದಲೇ ಜನರನ್ನು ಹಿಡಿದು ಕೊಂದರು. ಪ್ರಾಣವನ್ನು ಉಳಿಸಿಕೊಳ್ಳಲು ಅನೇಕರು ಕೂದಲನ್ನು ಕತ್ತರಿಸಿಕೊಂಡರು; ತಾಯಂದಿರೇ ಮಕ್ಕಳ ಜುಟ್ಟನ್ನು ಕತ್ತರಿಸಿದುದುಂಟು. ತಾರೂಸಿಂಗನ ಕಥೆಯನ್ನು ಅಂಥವರ ಮುಂದೆ ಓದುವುದು ಹೇಗೆ? ಕೇಶವು ಸೈನಿಕನ ಶಿಸ್ತು ಮಾತ್ರವಾಗಿದ್ದರೆ ಅವರು ಶಿಸ್ತನ್ನು ಮುರಿದವರು. ಲಾಂಛನ ಮಾತ್ರವಾಗಿದ್ದರೆ ಅದನ್ನು ಬಿಟ್ಟೋಡಿದವರು. ಉಡುಗೊರೆಯೆಂದು ಬಗೆದರೆ ಅವರು ವಸ್ತುವನ್ನು ಕಸಿಸಿಕೊಂಡವರು. ಅವರಿಗೆ ಸಲ್ಲುವುದು ದುಃಖವೇ ಹೊರತು ನಿಂದೆಯಲ್ಲ. ಪೂರಣಸಿಂಗರು ಇಂತಹ ದಿನವನ್ನು ಕಂಡವರಲ್ಲ. ಅವರು ೧೯೩೧ರಲ್ಲಿಯೇ ತೀರಿಕೊಂಡರು. ಜಪಾನಿನಲ್ಲಿ ತೆಗೆಸಿದ ಕೂದಲನ್ನು ಅವರು ಸಿಯಾಲಕೋಟದಿಂದ ಬಂದ ಮೇಲೆ ಮತ್ತೆ ಬೆಳೆಯಬಿಟ್ಟರು. ಡೆಹ್ರಾಡೂನಿನಲ್ಲಿ ಕಣ್ಣುಮುಚ್ಚಿದಾಗ ಅದು ಅವರ ತಲೆಯ ಮೇಲಿದ್ದಿತು.